ಗವಿಯಪ್ಪ ಸಿಕ್ಕಿದ ಭಾನುವಾರ

"ನನ್ನ ಕಿವಿ ನನಗೆ ಯಾವತ್ತೂ ಮೋಸ ಮಾಡಿಲ್ಲ" ಎಂದು ರೇಡಿಯೋ ಅಕ್ಕ ಮೈಕಿನ ಮುಂದೆ ಹೇಳಿಕೊಂಡದ್ದು ಒಂದೆರಡು ಸಲವಲ್ಲ. ಹೇಳಿಕೊಳ್ಳುವ ಹಕ್ಕೂ ಆಕೆಗಿತ್ತು ಅನ್ನಿ. ದರ್ಜಿ ಅಂಗಡಿಯ ಮೇಲಿನ ಮಹಡಿಯಲ್ಲಿ, ಗೋಡೆಗೆಲ್ಲ ಹಳೆಯ ಕಂಬಳಿ ಹೊಡೆದು ಮಾಡಿಕೊಂಡಿದ್ದ ಆ ಪುಟ್ಟ ರೇಡಿಯೋ ಕೇಂದ್ರದಲ್ಲಿ ಭಾನುವಾರ ಬೆಳಗಿನ ಒಂದು ಗಂಟೆ ಆಕೆಯದು. ಕಾರ್ಯಕ್ರಮದ ಹೆಸರು 'ಕೇಳದ ಕಂಠ'. ಹೆಸರು ಮಾಡಿದವರಿಗೆ ಅಲ್ಲಿ ಜಾಗವಿಲ್ಲ. ಪಾಳಿ ಮುಗಿಸಿ ಬಂದು ಗಿಟಾರ್ ಹಿಡಿಯುವ ನರ್ಸು, ಲಾರಿ ಓಡಿಸುತ್ತಲೇ ಪದ ಕಟ್ಟುವ ಚಾಲಕ, ದನಿ ಚೆನ್ನಾಗಿ ಮೊಳಗುತ್ತದೆಂದು ಬಚ್ಚಲುಮನೆಯಲ್ಲಿ ಕೂತು ಹಾಡಿ ಕಳಿಸಿದ ಅಕ್ಕತಂಗಿಯರು, ಇಂಥವರನ್ನೇ ಹುಡುಕಿ ತರುತ್ತಿದ್ದಳು. "ಒಂದೇ ಒಂದು ಸಲ ಕಿವಿಗೊಟ್ಟು ಕೇಳಿ, ಆಮೇಲೆ ಬೇಕಾದರೆ ನನ್ನನ್ನು ಬೈಯಿರಿ" ಎನ್ನುತ್ತಿದ್ದಳು. ಜನ ಕೇಳುತ್ತಿದ್ದರು. ಬೈಯುತ್ತಿದ್ದವರು ಕಡಿಮೆ.

ಆಕೆ ಹುಡುಕಿದವರಲ್ಲೆಲ್ಲ ಹೆಚ್ಚು ಹೆಸರಾದವನು ಗವಿಯಪ್ಪ. ಅದು ಅವನ ನಿಜವಾದ ಹೆಸರಲ್ಲ, ಅಕ್ಕ ಇಟ್ಟದ್ದು. ಗುಜರಿ ಅಂಗಡಿಯಲ್ಲಿ, ಕೈಮುರಿದ ಕುರ್ಚಿಗಳ ನಡುವೆ ಸಿಕ್ಕಿದ ಗೇಣಗಲದ ಕಪ್ಪು ಗ್ರಾಮಫೋನ್ ತಟ್ಟೆಯಲ್ಲಿ ಅವನ ಹಾಡಿತ್ತು. ಮೇಲಿನ ಚೀಟಿಯನ್ನು ತೇವ ತಿಂದುಹಾಕಿತ್ತು. ಹಾಡಿದವರ ಹೆಸರಿಲ್ಲ, ಕಾಲವಿಲ್ಲ. ಅಕ್ಕ ಮನೆಗೆ ತಂದು, ಅಪ್ಪನ ಕಾಲದ ಗ್ರಾಮಫೋನಿನ ಮೇಲಿಟ್ಟಳು. ಗವಿಯ ಆಳದಿಂದ ಎದ್ದುಬಂದಂಥ ಗಂಡಸಿನ ದನಿ. ಭಾರವಾಗಿ, ಒಂದೊಂದೇ ಹೆಜ್ಜೆಯಿಟ್ಟು ಬರುವ ದನಿ:

ಬಂದೆಯಾ, ಹೋದೆಯಾ, ಬಾಗಿಲ ಸಂದಿಲಿ ನುಸುಳಿದೆಯಾ,
ಬರಿದಾದ ಪಾತ್ರೆಗೆ ಇನ್ನೇನು ಉತ್ತರ ಹೇಳುವೆಯಾ?

ಆಕೆಯ ಮೈ ಜುಮ್ಮೆಂದಿತು. ಅಲ್ಲೇ ಕಂಪ್ಯೂಟರಿಗೆ ಇಳಿಸಿಕೊಂಡಳು. ಆ ಭಾನುವಾರವೇ ಹಾಕಿದಳು. ಹಾಕಿ ಸುಮ್ಮನಿರಲಿಲ್ಲ. ಬಾಗಿಲ ಸಂದಿ ಎಂದರೆ ಉಸಿರು, ಬರಿದಾದ ಪಾತ್ರೆ ಎಂದರೆ ದೇಹ ಎಂದು ಬಿಡಿಸಿ ಹೇಳಿದಳು. ಹಿಂದಿನಿಂದ ಒಂದು ಗುಂಪು 'ಮಾ... ಓ...' ಎಂದು ನರಳುವುದು ಸಾವಿನ ಮನೆಯ ಮೊರೆ ಎಂದಳು. 'ಮೀಸೆಯ ತುದಿಯ ಬಿಳುಪನು ಯಾರಿಗೂ ಕಾಣದೆ ಒರೆಸುವೆಯಾ' ಎಂಬ ಸಾಲು ಮುಪ್ಪಿನ ಕುರಿತದ್ದು ಎಂದಾಗಲಂತೂ, ಗಾಜಿನಾಚೆ ಕೂತು ಯಂತ್ರ ನೋಡಿಕೊಳ್ಳುತ್ತಿದ್ದ, ಎಲ್ಲರೂ 'ಮೀಸೆ' ಎಂದೇ ಕರೆಯುತ್ತಿದ್ದವನು ತಲೆ ತಗ್ಗಿಸಿದ್ದ. ಮರುವಾರದಿಂದ ಅವನು ಮೀಸೆಗೆ ಬಣ್ಣ ಹಚ್ಚುವುದನ್ನೇ ಬಿಟ್ಟ. ಹಾಡಿನ ಕೊನೆಯಲ್ಲಿ ಯಾರೋ ಬಿಕ್ಕುವ ಸದ್ದಿತ್ತು. "ಕೇಳಿ, ಹಾಡಿದವನಿಗೇ ತಡೆದುಕೊಳ್ಳಲಾಗಿಲ್ಲ" ಎಂದು ಅಕ್ಕ ಮೆಲ್ಲಗೆ ಹೇಳಿದ್ದಳು.

ಜನ ಗವಿಯಪ್ಪನಿಗೆ ಮರುಳಾದರು. ಹೆಂಡತಿಯನ್ನು ಕಳೆದುಕೊಂಡ ಬೇಕರಿಯವರೊಬ್ಬರು ವಾರವಾರವೂ ಫೋನು ಮಾಡಿ, "ಅಕ್ಕ, ಗವಿಯಪ್ಪನ್ನ ಹಾಕ್ತೀರಲ್ಲ? ಅವನೊಬ್ಬನಿಗೇ ನನ್ನ ಕಷ್ಟ ಗೊತ್ತು" ಎನ್ನುತ್ತಿದ್ದರು. "ಗವಿಯಪ್ಪ ಎಲ್ಲಿದ್ದರೂ ಬನ್ನಿ" ಎಂದು ಅಕ್ಕ ಕರೆಯುತ್ತಲೇ ಇದ್ದಳು.

ಆ ಭಾನುವಾರ ಕಾರ್ಯಕ್ರಮಕ್ಕೆ ಇನ್ನೂ ಹೊತ್ತಿರುವಾಗ ಮೆಟ್ಟಿಲು ಹತ್ತಿ ಇಬ್ಬರು ಹೆಂಗಸರು ಬಂದರು. ಮುಂದೆ ಸೊಸೆ, ಅವಳ ತೋಳು ಹಿಡಿದು ಅತ್ತೆ. ಸೊಸೆ ಬಂದವಳೇ ಕರವಸ್ತ್ರ ತೆಗೆದು ಕುರ್ಚಿ ಒರೆಸಿ ಅತ್ತೆಯನ್ನು ಕೂರಿಸಿದಳು. ಆಮೇಲೆ ತನ್ನ ಕುರ್ಚಿ, ಆಮೇಲೆ ಯಾರೂ ಹೇಳದಿದ್ದರೂ ಮೇಜು.

"ತಪ್ಪು ತಿಳ್ಕೋಬೇಡಿ, ಧೂಳು ಕಂಡ್ರೆ ನಂಗೆ ಕೈ ಸುಮ್ನಿರಲ್ಲ" ಎಂದಳು. "ನೀವು ಹಾಕ್ತೀರಲ್ಲ, ಗವಿಯಪ್ಪನ ಹಾಡು? ಅದರ ವಿಷಯಕ್ಕೆ ಬಂದ್ವಿ."

ಅಕ್ಕ ತಟ್ಟನೆ ಎದ್ದಳು. "ಅವರು ನಿಮ್ಮ ಮನೆಯವರಾ? ಇದ್ದಾರಾ?"

ಸೊಸೆ ಅತ್ತೆಯ ಕಡೆ ನೋಡಿದಳು, ಅಕ್ಕನ ಕಡೆ ನೋಡಿದಳು. "ಅದು ಹಾಡಿದ್ದು ತಾನೇ ಅಂತಾರೆ ನಮ್ಮತ್ತೆ."

ತಲೆಯ ಮೇಲೆ ಫ್ಯಾನು ಗರಗರ ಎನ್ನುತ್ತಿತ್ತು. ಅತ್ತೆ ಏನೋ ಹೇಳಿದರು. ತುಟಿ ಅಲುಗಿತು, ಗಾಳಿ ಬಂತು, ದನಿ ಬರಲಿಲ್ಲ. ಮೀಸೆ ತಾನಾಗಿ ಎದ್ದು ಹೋಗಿ ಫ್ಯಾನು ಆರಿಸಿ ಬಂದ. ಆಗ ಆ ಪಿಸುಮಾತು ಕೇಳಿಸಿತು: "ನಂದೇ ಹಾಡು. ನಂದೇ ದನಿ."

"ಗಂಟಲಿನ ಆಪರೇಷನ್ ಆಗಿ ಎಷ್ಟೋ ವರ್ಷ ಆಯ್ತು" ಎಂದಳು ಸೊಸೆ. "ಅವತ್ತಿಂದ ಬರೀ ಗಾಳಿ. ನಾನು ಮದುವೆ ಆಗಿ ಬಂದ ಮೇಲೆ ಇವರ ದನಿ ಕೇಳೇ ಇಲ್ಲ. ಸಾಬೂನು ಕಾರ್ಖಾನೇಲಿ ಕೆಲಸಕ್ಕಿದ್ದಾಗ ಹಾಡ್ತಿದ್ರಂತೆ, ಒಂದು ತಟ್ಟೇನೂ ಮಾಡಿಸಿದ್ರಂತೆ. ಮನೆ ಬದಲಾಯಿಸೋವಾಗ ಕಳೆದುಹೋಯ್ತಂತೆ. ಹೋದ ಭಾನುವಾರ ಬಟಾಣಿ ಬಿಡಿಸ್ತಾ ಕೂತೋರು, ನಿಮ್ಮ ರೇಡಿಯೋ ಕೇಳಿ ಬುಟ್ಟೀನೇ ಚೆಲ್ಲಿಬಿಟ್ರು."

ಅವಳು ಅಕ್ಕನ ಹತ್ತಿರ ಬಾಗಿ ದನಿ ತಗ್ಗಿಸಿದಳು. "ನಮ್ಮ ಯಜಮಾನ್ರಿಗೆ ಹೆದರಿಕೆಯಾಗಿದೆ. ಗಂಡಸಿನ ದನೀನ ತನ್ನದು ಅಂತಾರಲ್ಲ, ಬುದ್ಧಿಗೆ ಏನೋ ಆಗಿದೆ ಅಂತ. ನಾಳೆ ಬೆಳಗ್ಗೆ ತಲೆ ಡಾಕ್ಟರ ಹತ್ರ ಹೆಸರು ಬರೆಸಿದ್ದಾರೆ. ಅದಕ್ಕೇ ನಾನು, ಮೊದಲು ರೇಡಿಯೋದವ್ರನ್ನೇ ಹೋಗಿ ಕೇಳೋಣ ಬನ್ನಿ ಅತ್ತೆ ಅಂತ..."

"ಹೋಗಿರೋದು ಗಂಟಲು, ಕಿವಿ ಅಲ್ಲ" ಎಂದು ಅತ್ತೆ ಪಿಸುಗುಟ್ಟಿದರು.

ಅಕ್ಕನಿಗೆ ಅಯ್ಯೋ ಎನಿಸಿತು. ತನ್ನ ಕಾರ್ಯಕ್ರಮದಿಂದ ಒಬ್ಬ ಹಿರಿಯಾಕೆ ಹುಚ್ಚಿ ಅನ್ನಿಸಿಕೊಳ್ಳುವಂತಾಯಿತಲ್ಲ. ಅಕ್ಕ ಎದುರು ಕೂತು, ಮಗುವಿಗೆ ಹೇಳುವಷ್ಟು ಮೆತ್ತಗೆ ಹೇಳಿದಳು, "ಅಮ್ಮಾ, ಒಂದೇ ಹಾಡನ್ನ ಬೇರೆ ಬೇರೆಯವರು ಹಾಡಿರ್ತಾರೆ. ನೀವು ಹಾಡಿದ್ದು ಸುಳ್ಳಲ್ಲ. ಆದ್ರೆ ಈ ತಟ್ಟೇಲಿರೋದು ಗಂಡಸಿನ ದನಿ. ನನ್ನ ಕಿವಿ ಇಂಥದ್ರಲ್ಲಿ ತಪ್ಪಲ್ಲ."

ಅತ್ತೆ ಅಕ್ಕನ ಮುಖವನ್ನೇ ನೋಡಿದರು. ಸಿಟ್ಟಿರಲಿಲ್ಲ. ಎಲ್ಲ ಬಾಗಿಲೂ ತಟ್ಟಿ ಕಡೆಯ ಬಾಗಿಲಿಗೆ ಬಂದವರ ಕಣ್ಣು ಅದು. "ತಟ್ಟೆ ತೋರಿಸಿ" ಎಂದರು.

ತಟ್ಟೆ ಅಕ್ಕನ ಚೀಲದಲ್ಲೇ ಇತ್ತು. ಮೀಸೆ ಅದನ್ನು ಅವತ್ತೇ ಮೊದಲು ನೋಡಿದ್ದು. ಅವನಿಗೆ ಬರುತ್ತಿದ್ದುದು ಕಂಪ್ಯೂಟರಿಗೆ ಇಳಿಸಿದ ಹಾಡು ಮಾತ್ರ. ಮೂಲೆಯಲ್ಲಿ ಬಟ್ಟೆ ಹೊದ್ದು ಕೂತಿದ್ದ ಹಳೆಯ ಗ್ರಾಮಫೋನನ್ನು ಅವನು ಎಳೆದು ತಂದ. ಅಕ್ಕ ತಟ್ಟೆ ಇಟ್ಟು ಸೂಜಿ ಇಳಿಸಿದಳು. 'ಬಂ...ದೆ...ಯಾ...' ಎಂದು ಗವಿಯಪ್ಪ ಎದ್ದ. ಅತ್ತೆ ಕಣ್ಣು ಮುಚ್ಚಿಕೊಂಡರು. ಅವರ ತುಟಿ ಅದೇ ಪದಗಳನ್ನು ಹೇಳುತ್ತಿತ್ತು, ಆದರೆ ಹಾಡಿಗಿಂತ ಬೇಗಬೇಗ, ಮುಂದೆ ಮುಂದೆ ಓಡುತ್ತ.

ಸೊಸೆಗೆ ಅದನ್ನು ನೋಡಲಾಗಲಿಲ್ಲವೇನೋ. ಎದ್ದು ಬಂದು, ಕಣ್ಣೊರೆಸಬೇಕಾದ ಕರವಸ್ತ್ರದಿಂದ ಗ್ರಾಮಫೋನಿನ ಅಂಚು ಒರೆಸತೊಡಗಿದಳು. ಒಂದು ಅಂಚು, ಇನ್ನೊಂದು ಅಂಚು, ಸೂಜಿಯ ಪಕ್ಕದ ಆ ಚಿಕ್ಕ ಹಿಡಿ.

ಟಕ್ ಎಂದಿತು.

ಗವಿಯಪ್ಪ ಪದದ ನಡುವೆಯೇ ಹೆಣ್ಣಾದ.

ಹೌದು, ಹಾಗೆಯೇ ಆಯಿತು. ಹೊತ್ತು ಮುಳುಗುವಂತಿದ್ದ ದನಿ ಜಿಗಿದು ಎದ್ದು, ಇಪ್ಪತ್ತರ ಹುಡುಗಿಯೊಬ್ಬಳ ದನಿಯಾಗಿ, ಸೊಂಟಕ್ಕೆ ಕೈಕೊಟ್ಟು ನಿಂತು ಯಾರನ್ನೋ ಗದರಿಸತೊಡಗಿತು. 'ಬಂದೆಯಾ, ಹೋದೆಯಾ, ಬಾಗಿಲ ಸಂದಿಲಿ ನುಸುಳಿದೆಯಾ!' ಹಿಂದಿನಿಂದ ಸಾವಿನ ಮನೆಯ ಮೊರೆ ಬಂತು: "ಮ್ಯಾಂವ್! ಮ್ಯಾಂವ್!"

ಅಕ್ಕ ತಟ್ಟೆಯ ಕಡೆ ಬಾಗಿದಳು. ಬೆಕ್ಕು! ಹಾಲು ಕದ್ದ ಬೆಕ್ಕು! ಬರಿದಾದ ಪಾತ್ರೆ ಹಾಲಿನ ಪಾತ್ರೆ. ಮೀಸೆಯ ಬಿಳುಪು ಹಾಲಿನ ಕೆನೆ.

"ಅಯ್ಯಯ್ಯೋ, ನಾನೇನೂ ಮುರೀಲಿಲ್ಲ!" ಎಂದು ಸೊಸೆ ಕೈ ಹಿಂದಕ್ಕೆಳೆದುಕೊಂಡಳು.

"ಮುರೀಲಿಲ್ಲಮ್ಮ" ಎಂದ ಮೀಸೆ. ಹಿಡಿಯ ಮೇಲೆ ಬೆರಳಿಟ್ಟ. "ಚಿಕ್ಕ ತಟ್ಟೆ ಬೇಗ ತಿರುಗ್ಬೇಕು, ದೊಡ್ಡದು ನಿಧಾನ. ಈ ಹಿಡಿ ಇರೋದೇ ಅದಕ್ಕೆ. ಅಕ್ಕ, ನೀವು ಮನೇಲಿ...?"

ಮನೆಯಲ್ಲಿ ಆಕೆ ಆ ಹಿಡಿಯನ್ನು ಮುಟ್ಟಿಯೇ ಇರಲಿಲ್ಲ. ಅಪ್ಪನ ದೊಡ್ಡ ತಟ್ಟೆಗಳಿಗೆ ಅದು ಹೇಗಿತ್ತೋ ಹಾಗೆಯೇ ಬಿಟ್ಟಿದ್ದಳು. ಒಬ್ಬ ಹುಡುಗಿಯ ದನಿಯನ್ನು ಹಿಡಿದೆಳೆದು, ಜಗ್ಗಿ, ಗಂಡಸನ್ನಾಗಿ ಮಾಡಿ ಊರೆಲ್ಲ ಮೆರವಣಿಗೆ ಮಾಡಿಸಿದ್ದಳು.

ಹಾಡು ಮುಗಿಯುತ್ತ ಬಂತು. ಆ ಬಿಕ್ಕುವ ಸದ್ದು. ಅದು ಅಳುವೇ ಅಲ್ಲ. ಹೊಟ್ಟೆ ಹಿಡಿದುಕೊಂಡು ನಗುವ ಹುಡುಗಿಯ ನಗು.

"ಅದು ನನ್ನ ಗೆಳತಿ" ಎಂದು ಅತ್ತೆ ಪಿಸುಗುಟ್ಟಿದರು. ಕೆನ್ನೆಯ ಮೇಲೆ ನೀರು ಇಳಿಯುತ್ತಿತ್ತು, ಒರೆಸಿಕೊಳ್ಳುವ ಗೋಜಿಗೆ ಹೋಗಲಿಲ್ಲ. "ಸಾಬೂನಿಗೆ ಕಾಗದ ಸುತ್ತೋ ಮೇಜಲ್ಲಿ ನನ್ನ ಎದುರಿಗೆ ಕೂರ್ತಿದ್ಲು. ಎಷ್ಟು ಹೇಳಿದ್ರೂ ನಗು ತಡೀಲಿಲ್ಲ ನೋಡಿ."

ಸೊಸೆ ನಿಂತಲ್ಲೇ ನಿಂತಿದ್ದಳು. "ಅತ್ತೆ, ಇದು ನೀವಾ?" ಎಂದಳು. ಆಮೇಲೆ ಮತ್ತೆ, ಬೇರೆಯದೇ ದನಿಯಲ್ಲಿ, "ಇದು ನೀವಾ ಅತ್ತೆ?"

ಪ್ರಸಾರ ಶುರುವಾಯಿತೆನ್ನುವ ಗೋಡೆಯ ಮೇಲಿನ ಕೆಂಪು ದೀಪ ಹತ್ತಲು ಇನ್ನು ಸ್ವಲ್ಪವೇ ಹೊತ್ತಿತ್ತು. ಬೇಕರಿಯವರು ಕಾದು ಕೂತಿರುತ್ತಾರೆ. ದೇಹ, ಉಸಿರು, ಮುಪ್ಪು ಎಂದು ತಾನು ಆಡಿದ ಮಾತುಗಳೆಲ್ಲ ಸಾಲಾಗಿ ನಿಂತು ಅಕ್ಕನನ್ನು ಅಣಕಿಸುತ್ತಿದ್ದವು. "ಒಂದು ಕೆಲಸ ಮಾಡೋಣ" ಎಂದಳು. "ಇವತ್ತು ಬೇರೆ ಹಾಡು ಹಾಕ್ತೀನಿ. ಇದನ್ನ ಮುಂದಿನ ವಾರ ಸಾವಕಾಶವಾಗಿ, ಜನಕ್ಕೆ ನೋವಾಗದ ಹಾಗೆ..."

"ಮುಂದಿನ ವಾರ?" ಸೊಸೆಯ ಹುಬ್ಬು ಮೇಲೇರಿತು. "ಡಾಕ್ಟರು ನಾಳೆ! ನಾನು ಹೋಗಿ ಹೇಳಿದ್ರೆ ನಮ್ಮ ಯಜಮಾನ್ರು ನಂಬ್ತಾರಾ? ನೀನೂ ಅತ್ತೆ ಜೊತೆ ಸೇರ್ಕೊಂಡ್ಯಾ ಅಂತಾರೆ. ಈಗ ಅವರು ಬಟ್ಟೆ ಇಸ್ತ್ರಿ ಮಾಡ್ತಾ ನಿಮ್ಮ ರೇಡಿಯೋನೇ ಕೇಳ್ತಾ ನಿಂತಿರ್ತಾರೆ. ಇವತ್ತೇ ಹೇಳ್ಬೇಕು."

ಅತ್ತೆ ತಟ್ಟೆಯ ಕಡೆ ನೋಡುತ್ತ ಕೂತಿದ್ದರು. ಯಾರೂ ಕೇಳದವರನ್ನು ಕೇಳಿಸುತ್ತೇನೆ ಎಂದು ಇಷ್ಟು ವರ್ಷ ಎದೆ ತಟ್ಟಿಕೊಂಡವಳ ಎದುರಿಗೇ ಕೂತಿದ್ದರು. ಅಕ್ಕನಿಗೆ ಮುಖ ಎತ್ತಲಾಗಲಿಲ್ಲ. ಮೀಸೆ ಬಿಸಿ ಚಹಾದ ಲೋಟ ತಂದು ಅತ್ತೆಯ ಕೈಗೆ ಕೊಟ್ಟ. ಆಮೇಲೆ, ಯಾರನ್ನೂ ಕೇಳದೆ, ಮೈಕೊಂದನ್ನು ಗ್ರಾಮಫೋನಿನ ಪಕ್ಕಕ್ಕೆ ಸರಿಸಿ ಇಟ್ಟ.

ಕೆಂಪು ದೀಪ ಹತ್ತಿತು.

"ನಮಸ್ಕಾರ" ಎಂದಳು ಅಕ್ಕ. ಮೈಕನ್ನು ಹತ್ತಿರಕ್ಕೆ ಎಳೆದುಕೊಂಡಳು. "ಗವಿಯಪ್ಪ ಸಿಕ್ಕಿದ್ದಾರೆ. ನನ್ನ ಪಕ್ಕದಲ್ಲೇ ಕೂತಿದ್ದಾರೆ. ಅವರು ಗಂಡಸಲ್ಲ. ನಾನು ತಟ್ಟೆಯನ್ನ ತಪ್ಪು ವೇಗದಲ್ಲಿ ತಿರುಗಿಸಿದ್ದೆ. ಇದು ಉಸಿರಿನ ಹಾಡಲ್ಲ, ದೇಹದ ಹಾಡಲ್ಲ. ಹಾಲು ಕುಡಿದ ಬೆಕ್ಕನ್ನ ಬೈಯೋ ಹಾಡು. ನಾನು ಹೇಳಿದ್ದೆಲ್ಲ ತಪ್ಪು. ಈ ಅಮ್ಮ ಹೇಳಿದ್ದು ಸರಿ. ಇದು ಇವರದೇ ದನಿ. ಕೇಳಿ."

ಸೂಜಿ ಇಳಿಯಿತು. ಆ ಹುಡುಗಿ ಮತ್ತೆ ಸೊಂಟಕ್ಕೆ ಕೈಕೊಟ್ಟು ನಿಂತಳು. ಕೆಳಗಿನ ಅಂಗಡಿಯಲ್ಲಿ ಹೊಲಿಗೆ ಯಂತ್ರದ ಸದ್ದು ನಿಂತಿತು. ಅಲ್ಲೂ ರೇಡಿಯೋ ಇತ್ತು.

ಮೊದಲ ಫೋನು ಬೇಕರಿಯವರದು.

"ಬೆಕ್ಕಾ ಅಕ್ಕ?"

"ಹೌದು ಅಣ್ಣ. ಬೆಕ್ಕು."

"ಆಮೇಲೆ ಮಾಡ್ತೀನಿ" ಎಂದು ಇಟ್ಟುಬಿಟ್ಟರು. ಬೈದಿದ್ದರೆ ಎಷ್ಟೋ ವಾಸಿಯಿತ್ತು ಎನಿಸಿತು ಅಕ್ಕನಿಗೆ. ಅವರು ಆ ದಿನ ಮತ್ತೆ ಮಾಡಲಿಲ್ಲ.

ಎರಡನೆಯ ಫೋನಿನಲ್ಲಿ ಗಂಡಸೊಬ್ಬರ ಏದುಸಿರು. "ಅಮ್ಮ ಅಲ್ಲಿದ್ದಾರಾ?"

ಸೊಸೆ ಎದ್ದುನಿಂತಳು. "ನಮ್ಮ ಯಜಮಾನ್ರು!"

"ಇದ್ದಾರೆ" ಎಂದಳು ಅಕ್ಕ.

"ನಂಗೆ... ಆ ದನಿ ಮರೆತೇಹೋಗಿತ್ತು. ಆಪರೇಷನ್ ಆದಾಗ ನನ್ನ ಇನ್ನೂ ಶಾಲೆಗೇ ಹಾಕಿರಲಿಲ್ಲ. ಒಂದು ದನಿ ಇತ್ತು ಅನ್ನೋದೇ ಮರೆತಿದ್ದೆ. ಈಗ 'ಬಂದೆಯಾ' ಅಂದ ಕೂಡ್ಲೆ... ಇಸ್ತ್ರಿ ಪೆಟ್ಟಿಗೇನ ಹಾಗೇ ಬಿಟ್ಟು ನಿಂತುಬಿಟ್ಟೆ. ಅಂಗಿ ಸುಟ್ಟುಹೋಯ್ತು."

"ಯಾವ ಅಂಗಿ?" ಎಂದು ಸೊಸೆ ಮೈಕಿಗೇ ಬಾಗಿದಳು. "ಹೊಸಾ ನೀಲಿದಾ? ರೀ, ನೀಲಿದಾ?"

"ಅಮ್ಮಾ" ಎಂದರು ಅವರು, ಹೆಂಡತಿಯ ಮಾತು ಕಿವಿಗೇ ಬೀಳದವರಂತೆ. "ನನ್ನ ಕ್ಷಮಿಸಮ್ಮ. ನಾಳೆ ಡಾಕ್ಟರ ಹತ್ರ ಹೋಗೋದು ಬೇಡ."

ಅತ್ತೆ ಸೊಸೆಯ ತೋಳು ಜಗ್ಗಿದರು. ಸೊಸೆ ಕಿವಿ ಕೊಟ್ಟಳು. ಅತ್ತೆಯ ತುಟಿ ಬಹಳ ಹೊತ್ತು ಅಲುಗಿತು. ಕೇಳುತ್ತ ಕೇಳುತ್ತ ಸೊಸೆಯ ಮುಖ ಅರಳಿ, ಕೆಂಪಾಗಿ, ಕಡೆಗೆ ಆಕೆ ಕರವಸ್ತ್ರವನ್ನೇ ಬಾಯಿಗೆ ತುರುಕಿಕೊಂಡಳು.

"ಏನಂತಾರೆ?" ಎಂದು ಫೋನಿನಲ್ಲಿ ಮಗ ಕೇಳಿದರು.

"ಹೋಗಲೇಬೇಕಂತೆ" ಎಂದಳು ಸೊಸೆ. "ಆದ್ರೆ ಅವರ ತಲೆ ತೋರಿಸೋಕಲ್ಲ, ನಿಮ್ಮ ಕಿವಿ ತೋರಿಸೋಕೆ. ದಾರೀಲಿ ಈ ರೇಡಿಯೋ ಅಕ್ಕನ್ನೂ ಜೊತೆಗೆ ಕರ್ಕೊಂಡು ಹೋಗ್ಬೇಕಂತೆ."

ಗಾಜಿನಾಚೆ ಮೀಸೆ ಮೇಜಿನ ಮೇಲೆ ಬಿದ್ದು ನಗುತ್ತಿದ್ದ. ಅತ್ತೆಯ ಭುಜವೂ ಕುಲುಕುತ್ತಿತ್ತು, ಸದ್ದಿಲ್ಲದೆ. ಅಕ್ಕ ಏನೋ ಹೇಳಲು ಬಾಯಿ ತೆರೆದಳು. ಊರೆಲ್ಲ ಕೇಳುತ್ತಿತ್ತು. ಒಂದು ಮಾತೂ ಹೊರಡಲಿಲ್ಲ. ಮೀಸೆ ಎದ್ದು ಒಳಗೆ ಬಂದು, ಆಕೆಯ ಭುಜವನ್ನು ಮೆಲ್ಲಗೆ ತಟ್ಟಿ, ಸೂಜಿಯನ್ನು ಎತ್ತಿ ಹಾಡಿನ ಮೊದಲಿಗೆ ಇಟ್ಟ.