ಅರ್ಧ ಸ್ವರ ಮೇಲೆ

ಡೆಸ್ಮಂಡ್‌ಗೆ ಕೂತಲ್ಲಿ ಕೂರಲಾಗುತ್ತಿರಲಿಲ್ಲ. ಇಂಗ್ಲೆಂಡಿನ ಫ್ಯಾವರ್‌ಶಮ್‌ನಲ್ಲಿ, ಸ್ಟುಡಿಯೋ ಮಾಡಿಕೊಂಡಿದ್ದ ತನ್ನ ಗ್ಯಾರೇಜಿನಲ್ಲಿ ಬೆಳಗಿನಿಂದ ಮೂರು ಸಲ ಮೈಕಿನ ಎತ್ತರ ಬದಲಿಸಿದ್ದ, ನಾಲ್ಕು ಸಲ ಟೀ ಮಾಡಿ ಕುಡಿಯದೆ ಆರಲು ಬಿಟ್ಟಿದ್ದ. ಗಾಜಿನಾಚೆ ಐವರ್ ಮತ್ತೆ ಅದೇ ಸಾಲಿಗೆ ಬಂದ. ಕತ್ತಿನ ನರ ಉಬ್ಬಿಸಿ ಮೇಲಿನ ಸ್ವರಕ್ಕೆ ಹಾರಿದ; ಗಂಟಲು ಒಡೆಯಿತು. ಇದು ಹನ್ನೊಂದನೆಯ ಸಲ.

“ಇನ್ನೊಂದ್ಸಲ ಹಾಕೋ,” ಎಂದ ಕೆಮ್ಮುತ್ತಾ.

“ಅರ್ಧ ಸ್ವರ ಇಳಿಸೋಣ ಕಣೋ. ಎಪ್ಪತ್ತೈದಾಯ್ತು ನಿಂಗೆ.”

“ಇಳಿಸಿದ್ರೆ ನಮ್ಮ ಅಭಿಮಾನಿ ಮಹಾಶಯರು ಸುಮ್ನಿರ್ತಾರಾ? ಹಳೇ ರೆಕಾರ್ಡ್ ಪಕ್ಕದಲ್ಲಿಟ್ಕೊಂಡು ಒಂದೊಂದು ಸ್ವರಾನೂ ಹೋಲಿಸಿ ನೋಡ್ತಾರೆ. ಹಾಕು ಅಂದ್ನಲ್ಲ!”

ಐವರ್ ಹಾಡುತ್ತಿದ್ದ, ಡೆಸ್ಮಂಡ್ ಆರ್ಗನ್ ನುಡಿಸುತ್ತಿದ್ದ ‘ಪೇಪರ್ ಹೆರನ್’ ಸಂಗೀತ ತಂಡ ಮುರಿದು ಹತ್ತಿರ ಹತ್ತಿರ ಐವತ್ತು ವರ್ಷ. ಹಳೆಯ ಟೇಪುಗಳೆಲ್ಲ ರೆಕಾರ್ಡ್ ಕಂಪನಿಯ ಕೈಯಲ್ಲಿದ್ದವು. ಅದಕ್ಕೇ ಹಾಡುಗಳನ್ನು ಹೊಸದಾಗಿ ಧ್ವನಿಮುದ್ರಿಸುವ ಈ ಉಸಾಬರಿ. ರೆಕಾರ್ಡಿನ ಒಂದಿಡೀ ಮಗ್ಗುಲು ತುಂಬುವ, ಈಗ ಹಾಡುತ್ತಿದ್ದ ಈ ಉದ್ದದ ಹಾಡಿನ ತುದಿಯಲ್ಲಿದ್ದ ಒಂದು ಸ್ವರವೇ ಐವರ್‌ಗೆ ಹೆಸರು ತಂದಿದ್ದು, ಅದೇ ಅವನನ್ನು ಮುಳುಗಿಸಿದ್ದು. ವೇದಿಕೆಯ ಮೇಲೆ ಅದು ಬರಲೇ ಇಲ್ಲ. ಒಂದು ವರ್ಷ ಊರೂರಲ್ಲಿ ಗಂಟಲು ಹರಿದುಕೊಂಡ. ಆಮೇಲೆ ತಂಡ ಬಿಟ್ಟು, ಮೇಡ್‌ಸ್ಟನ್‌ನಲ್ಲಿ ಮೂವತ್ತೈದು ವರ್ಷ ಕಾರ್ಪೆಟ್ ಮಾರಿದ.

ಯಾಕೆ ಬರಲಿಲ್ಲ ಎಂಬುದು ಡೆಸ್ಮಂಡ್‌ಗೆ ಗೊತ್ತಿತ್ತು. ಬದುಕಿದ್ದವರಲ್ಲಿ ಅವನೊಬ್ಬನಿಗೇ ಗೊತ್ತಿತ್ತು.

ಹನ್ನೆರಡನೆಯ ಸಲವೂ ಆಗಲಿಲ್ಲ. ಐವರ್ ಹೊರಗೆ ಬಂದು ಆರಿದ ಟೀಯನ್ನೇ ಗಟಗಟ ಕುಡಿದ.

“ಇಪ್ಪತ್ನಾಲ್ಕನೇ ವಯಸ್ಸಲ್ಲಿ ಒಂದೇ ಏಟಿಗೆ ಹಾಡಿದ್ನಲ್ಲೋ ಡೆಸ್. ಆಮೇಲೆ ಏನಾಯ್ತು ನಂಗೆ? ಡಾಕ್ಟ್ರು ಏನಿಲ್ಲ ಅಂದ್ರು. ಹೆಂಡ್ತಿ, ನಿಂಗೆ ಹೆದರಿಕೆ ಅಂದ್ಳು. ಅದೊಂದು ಗೊತ್ತಾದ್ರೆ ಸಾಕು.”

ಡೆಸ್ಮಂಡ್ ಎದ್ದ, ಕೂತ, ಮತ್ತೆ ಎದ್ದ.

“ನಿಂಗೇನೂ ಆಗಿರ್ಲಿಲ್ಲ. ಆ ಸ್ವರ ನೀನು ಹಾಡೇ ಇಲ್ಲ.”

“ಏನಂದೆ?”

“ಹಾಡು ಇಪ್ಪತ್ನಾಲ್ಕು ನಿಮಿಷ ಆಗಿತ್ತು, ಒಂದು ಮಗ್ಗುಲಿಗೆ ಹಿಡೀತಿರ್ಲಿಲ್ಲ. ಏನಾದ್ರೂ ಕತ್ತರಿಸು ಅಂದ್ರು ಕಂಪನಿಯವ್ರು. ನಾನು ಇಂಜಿನಿಯರ್‌ಗೆ ಹೇಳಿ ಟೇಪನ್ನೇ ಸ್ವಲ್ಪ ವೇಗವಾಗಿ ಓಡಿಸ್ದೆ. ಹಿಡೀತು. ಆದ್ರೆ ಎಲ್ಲಾ ಅರ್ಧ ಸ್ವರ ಮೇಲೆ ಹೋಯ್ತು. ನಿನ್ನ ದನಿನೂ.”

“ಮತ್ತೆ ವೇದಿಕೆ ಮೇಲೆ?”

“ರೆಕಾರ್ಡಿನ ಹಾಗೇ ಇರ್ಬೇಕಲ್ಲ. ನಾನೂ ಅರ್ಧ ಸ್ವರ ಏರಿಸಿ ನುಡಿಸ್ದೆ. ಗಿಟಾರಿನವನಿಗೆ ತಂತಿ ಬಿಗಿ ಮಾಡ್ಕೋ ಅಂದೆ. ಯಾಕೆ ಅಂತ ಅವನು ಯಾವತ್ತು ಕೇಳಿದ್ದ?”

ಐವರ್‌ಗೆ ಸ್ವರಗಳ ಹೆಸರು ಆಗಲೂ ಗೊತ್ತಿರಲಿಲ್ಲ, ಈಗಲೂ ಗೊತ್ತಿಲ್ಲ. ಕಿವಿಯನ್ನೇ ನಂಬಿ ಹಾಡಿದವನು. ಒಳಗೆ ಹೋಗಿ ಮೈಕಿನ ಮುಂದೆ ನಿಂತ. ಇಳಿಸು ಎಂದು ಕೈಸನ್ನೆ ಮಾಡಿದ. ಡೆಸ್ಮಂಡ್ ಇಳಿಸಿದ.

ಹಾಡಿದ. ದನಿಗೆ ವಯಸ್ಸಾಗಿತ್ತು, ಸ್ವಲ್ಪ ಒರಟಾಗಿತ್ತು, ಆದರೂ ಆ ತುದಿಗೆ ಮೆಟ್ಟಿಲು ಹತ್ತಿದಷ್ಟು ಸಲೀಸಾಗಿ ಹೋಗಿ ನಿಂತಿತು. ಡೆಸ್ಮಂಡ್‌ಗೆ ಅಳು ಬಂತು. ಅಳಲು ತನಗೇನು ಹಕ್ಕಿದೆ ಎಂದು ನುಂಗಿಕೊಂಡ.

ಐವರ್ ಹೊರಗೆ ಬಂದ. “ಏನನ್ನ ಕತ್ತರಿಸು ಅಂದಿದ್ರು?”

“ನನ್ನ ಆರ್ಗನ್ ಸೋಲೋ. ನಾನೊಬ್ನೇ ನುಡಿಸೋ ನಾಲ್ಕೂವರೆ ನಿಮಿಷ.”

“ಅದಾ? ಜನ ಎದ್ದು ಬಿಯರ್ ತರೋಕೆ ಹೋಗ್ತಿದ್ರಲ್ಲ, ಅದಾ?”

“ಈ ಸಲ ತೆಗೆದುಬಿಡ್ತೀನಿ ಕಣೋ. ಈಗ್ಲೇ ತೆಗೀತೀನಿ.”

“ತೆಗೆಯೋ ಹಾಗಿಲ್ಲ.” ಐವರ್ ಕುರ್ಚಿಯನ್ನು ಆರ್ಗನ್ನಿನ ಎದುರಿಗೇ ಎಳೆದು, ಕೈಕಟ್ಟಿ ಕೂತ. “ನುಡಿಸು. ನನ್ನ ಗಂಟಲು ಹರಿದಿದ್ದು ಯಾವುದಕ್ಕೋಸ್ಕರ ಅಂತ ನಾನೂ ಒಂದ್ಸಲ ಸರಿಯಾಗಿ ಕೇಳ್ತೀನಿ.”

ಡೆಸ್ಮಂಡ್ ನುಡಿಸಿದ. ಮೊದಲ ನಿಮಿಷ ಬೆರಳು ತಾವಾಗಿಯೇ ಓಡಿದವು. ಎರಡನೆಯ ನಿಮಿಷ ಮುಗಿಯುವಷ್ಟರಲ್ಲಿ, ಹೇಳಬೇಕಾದ್ದೆಲ್ಲ ಹೇಳಿ ಮುಗಿದಿದೆ ಎಂದು ಅವನಿಗೇ ಗೊತ್ತಾಯಿತು. ಕೈ ನಿಧಾನವಾಯಿತು. ತಲೆಯೆತ್ತಿ ನೋಡಿದ.

“ಇನ್ನೂ ಎರಡೂವರೆ ನಿಮಿಷ ಇದೆ,” ಎಂದ ಐವರ್.