ವಿರುಪಾಕ್ಷಪ್ಪನವರ ಮಾತು ಮತ್ತು ಮಲಗಿದ ಲ್ಯಾಪ್‌ಟಾಪ್

ದ್ರಾಕ್ಷಿ ಎಲೆಗೆ ತಗಲುವ ಬೂಜುರೋಗದ ಬಗ್ಗೆ ನಾಲ್ಕು ಮಾತು ಹೇಳಿರೆಂದು ಕೇಳಿಕೊಂಡರೆ ಸತ್ತಿಯ ವಿರುಪಾಕ್ಷಪ್ಪನವರು ತಮ್ಮ ಸೋದರಮಾವನ ಎತ್ತಿನಿಂದ ಆರಂಭಿಸುತ್ತಿದ್ದರು. ಎತ್ತು ಕೃಷ್ಣೆಯ ಮಹಾಪೂರದಲ್ಲಿ ಕಾಣೆಯಾಗುತ್ತಿತ್ತು. ಹುಡುಕಲು ಹೋದ ಮಾವ ಆಚೆದಡದ ಬೀಗರ ಮನೆಯಲ್ಲಿ ಊಟಕ್ಕೆ ಕೂತುಬಿಡುತ್ತಿದ್ದ. ಊಟದ ಬದನೆಕಾಯಿ ಪಲ್ಯದ ವರ್ಣನೆಯಿಂದ ಬದನೆ ಬೆಳೆದ ಮಣ್ಣಿನ ಗುಣಕ್ಕೆ, ಮಣ್ಣಿನಿಂದ ಬೇರಿಗೆ, ಬೇರಿನಿಂದ ಬಳ್ಳಿಗೆ, ಹೀಗೆ ಮಾತು ಮೆಲ್ಲಮೆಲ್ಲನೆ ಏರಿ, ಸಭಿಕರ ಅದೃಷ್ಟ ನೆಟ್ಟಗಿದ್ದ ದಿನ, ಎಲೆಯನ್ನು ಮುಟ್ಟುತ್ತಿತ್ತು. ಎತ್ತು ಸಿಕ್ಕಿತೋ ಇಲ್ಲವೋ ಎಂಬುದು ಮಾತ್ರ ಅಥಣಿ ಸೀಮೆಯಲ್ಲಿ ಯಾರಿಗೂ ಖಚಿತವಾಗಿ ತಿಳಿದಿರಲಿಲ್ಲ.

ಆಳು ಎತ್ತರ. ಆದರೆ ದ್ರಾಕ್ಷಿ ಚಪ್ಪರದ ಕೆಳಗೆ ಆಯುಷ್ಯವೆಲ್ಲ ತಲೆ ತಗ್ಗಿಸಿ ನಡೆದು, ಬಟಾಬಯಲಿನಲ್ಲೂ ನೆತ್ತಿಗೆ ಏನೋ ತಾಗೀತೆಂಬ ಎಚ್ಚರದಲ್ಲಿ ಬಾಗಿಯೇ ಬರುತ್ತಿದ್ದರು; ಗುರುತಿಲ್ಲದವರು ಅದನ್ನು ವಿನಯವೆಂದು ಭಾವಿಸಿ ತಾವೂ ಬಾಗಿ ಕೈಮುಗಿಯುತ್ತಿದ್ದರು. ಧೋತರದ ಮೇಲೊಂದು ಕಪ್ಪು ಕೋಟು. ಅದರ ಬಲಜೇಬಿನಲ್ಲಿ ಬಳ್ಳಿ ಸವರುವ ಕತ್ತರಿ, ಮದುವೆಮನೆಗೆ ಹೋದಾಗಲೂ. ಅರಿವು ಅಪಾರ, ಔದಾರ್ಯ ಅದಕ್ಕಿಂತ ಹೆಚ್ಚು. ಬಾಗಿಲಲ್ಲಿ ನಿಂತು ಕೇಳಿದ ಪ್ರಶ್ನೆಗೆ ಬಾಗಿಲಲ್ಲೇ ಉತ್ತರ ಕೊಟ್ಟು ಕಳಿಸುವುದು ಅವರಿಂದ ಆಗದ ಕೆಲಸ.

ಇಂಥವರು ಎರಡು ಸಾವಿರದ ಹನ್ನೆರಡರ ಸುಮಾರಿಗೆ ಒಂದು ಲ್ಯಾಪ್‌ಟಾಪ್ ಕೊಂಡರು. ರೋಗ ಬಂದ ಎಲೆಗಳ ಚಿತ್ರಗಳನ್ನು ತಾವೇ ತೆಗೆದು, ಬೆಳೆಗಾರರ ಸಂಘದ ವಾರ್ಷಿಕ ಸಭೆಯಲ್ಲಿ ಪ್ರೊಜೆಕ್ಟರ್ ಮೂಲಕ ಗೋಡೆಯ ಮೇಲೆ ತೋರಿಸಬೇಕೆಂಬುದು ಅವರ ಮಹದಾಸೆ. ಮೊದಲನೆಯ ಚಿತ್ರವಾಗಿ, ಮಂಗಳಕ್ಕಿರಲೆಂದು, ಹೆಂಡತಿ ಸೋನಾಬಾಯಿ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಒಣದ್ರಾಕ್ಷಿ ಆರಿಸುತ್ತಿದ್ದ ಫೋಟೋ ಹಾಕಿದರು. ಅನರ್ಥ ಅಲ್ಲಿಂದಲೇ ಶುರುವಾಯಿತು. ಆ ಚಿತ್ರ ತೋರಿಸುತ್ತ ಅವರು ಮಾವನ ಎತ್ತನ್ನು ಹೊಳೆಗೆ ಇಳಿಸಿದರು. ಎತ್ತು ಆಚೆದಡ ಸೇರುವ ಮೊದಲೇ, ಇಷ್ಟು ಹೊತ್ತು ಯಾರೂ ಮುಟ್ಟಲಿಲ್ಲವೆಂದು ಲ್ಯಾಪ್‌ಟಾಪ್ ಮಲಗಿಬಿಟ್ಟಿತು. ಗುಂಡಿ ಒತ್ತಿದರೆ ಎದ್ದಿತು, ಸೋನಾಬಾಯಿಯೂ ಗೋಡೆಯ ಮೇಲೆ ಮೂಡಿದರು. ಆದರೆ ಬೆರಳಾಡಿಸುವ ಟಚ್‌ಪ್ಯಾಡ್ ಮರಗಟ್ಟಿತ್ತು, ಪಕ್ಕಕ್ಕೆ ಚುಚ್ಚಿದ್ದ ಮೌಸೂ ಅಷ್ಟೆ. ತೆರೆಯ ಮೇಲಿನ ಬಾಣ ಸೋನಾಬಾಯಿಯ ಮೂಗಿನ ತುದಿಯಲ್ಲಿ ನೆಟ್ಟು ನಿಂತಿತು. ಪೂರ್ತಿ ಆರಿಸಿ ಮತ್ತೆ ಹೊತ್ತಿಸಿದರೆ ಸರಿಹೋಗುತ್ತಿತ್ತೆಂಬುದು ನಿಜ. ಆದರೆ ಅದು ಹೊತ್ತಿಕೊಳ್ಳುವಷ್ಟರಲ್ಲಿ ಅವರು ಹೊಸ ಕಥೆಗೆ ಕೈಹಾಕಿರುತ್ತಿದ್ದರು, ಕಥೆ ಮುಗಿಯುವಷ್ಟರಲ್ಲಿ ಅದು ಮತ್ತೆ ಮಲಗಿರುತ್ತಿತ್ತು.

ಅವತ್ತು ಮನೆಗೆ ಬಂದ ಮೇಲೆ ಸೋನಾಬಾಯಿ ತಾಟು ಇಡುತ್ತ ಹೇಳಿದರು: "ಊರ ಮಂದಿ ಎಲ್ಲಾ ನನ್ನ ಮೂಗ ನೋಡಿ ಹೋದ್ರು, ಎಲಿ ಒಬ್ಬರೂ ನೋಡ್ಲಿಲ್ಲ. ಒಂದೋ ಅದನ್ನ ರಿಪೇರಿ ಮಾಡಸ್ರಿ, ಇಲ್ಲಾ ನೀವು ಮಾತಾಡೂದ ಬಿಡ್ರಿ."

ಎರಡನೆಯದು ಮನುಷ್ಯಸಾಧ್ಯವಲ್ಲದ್ದರಿಂದ ವಿರುಪಾಕ್ಷಪ್ಪನವರು ಮೊದಲನೆಯದನ್ನು ಆರಿಸಿಕೊಂಡರು. ಅಥಣಿಯ ಅಂಗಡಿಯಾತ ಟಚ್‌ಪ್ಯಾಡನ್ನೇ ಬದಲಿಸಿಕೊಟ್ಟ. ಚಿಕ್ಕೋಡಿಯ ಅಂಗಡಿಯಾತ ಇಡೀ ಯಂತ್ರವನ್ನು ತೊಳೆದಂತೆ ಮಾಡಿ ಎಲ್ಲವನ್ನೂ ಹೊಸದಾಗಿ ತುಂಬಿಕೊಟ್ಟ. ಎರಡೂ ಕಡೆ ಅದು ಆಜ್ಞಾಧಾರಕ ವಿದ್ಯಾರ್ಥಿಯಂತೆ ವರ್ತಿಸಿತು, ಏಕೆಂದರೆ ಅಂಗಡಿಯವರು ಅದಕ್ಕೆ ಮಲಗಲು ಪುರಸೊತ್ತನ್ನೇ ಕೊಡುತ್ತಿರಲಿಲ್ಲ. ಮರುವರ್ಷದ ಸಭೆಯಲ್ಲಿ ಬಾಣ ಮತ್ತೆ ಮೂಗಿನ ಮೇಲೆ ನಿಂತಿತು.

ಸಂಘದ ಕಾರ್ಯದರ್ಶಿ ವಿಶಾಲ ತೋಟಗಾರಿಕೆ ಓದಿ ಬಂದ ತರುಣ, ಹಿರಿಯರೆಂದರೆ ಭಕ್ತಿಯುಳ್ಳವನು. ಮೂರನೆಯ ವರ್ಷ ಮನೆಗೇ ಬಂದು, ಚಹದ ಬಸಿಯನ್ನು ನೋಡುತ್ತ ಹೇಳಿದ: "ಕಾಕಾರ, ಈ ಸಲಾ ಬೂಜಿನ ಮ್ಯಾಲ ನಾನ ಮಾತಾಡ್ತೀನ್ರಿ. ನೀವು ದೀಪಾ ಹಚ್ಚರಿ."

ದೀಪ ಹಚ್ಚುವವರ ಸಾಲಿಗೆ ಸೇರುವುದೆಂದರೇನೆಂದು ವಿರುಪಾಕ್ಷಪ್ಪನವರಿಗೆ ಚೆನ್ನಾಗಿ ಗೊತ್ತಿತ್ತು. ಆ ಸಾಲಿನಲ್ಲಿದ್ದವರಿಗೆ ಶಾಲು ಹೊದಿಸುತ್ತಾರೆ, ಮೈಕು ಕೊಡುವುದಿಲ್ಲ. ಜೀವಮಾನದಲ್ಲಿ ಮೊದಲ ಬಾರಿಗೆ ಅವರ ವಾಕ್ಯ ಗಿಡ್ಡವಾಯಿತು.

"ಯಂತ್ರಾ ಸರಿಯಾದ್ರ?"

"ಸರಿಯಾದ್ರ ನೀವ ಮಾತಾಡ್ರಿ," ಎಂದ ವಿಶಾಲ, ಆಗಲಿಕ್ಕಿಲ್ಲವೆಂಬ ಧೈರ್ಯದಿಂದ.

ಮರುದಿನವೇ ಅವರು ಲ್ಯಾಪ್‌ಟಾಪನ್ನು ಟಾವೆಲಿನಲ್ಲಿ ಸುತ್ತಿ, ಕೂಸಿನಂತೆ ತೊಡೆಯ ಮೇಲಿಟ್ಟುಕೊಂಡು ನಿಪ್ಪಾಣಿಯ ಬಸ್ಸು ಹತ್ತಿದರು. ಅಲ್ಲಿ ಬಸ್ ಸ್ಟ್ಯಾಂಡಿನ ಬಳಿ ರೂಪಾಲಿಯೆಂಬಾಕೆಯ ಕಂಪ್ಯೂಟರ್ ಅಂಗಡಿ. ಆಕೆಯದು ಏರುದನಿ, ಕೈಗಿಂತ ಬಾಯಿ ಚುರುಕು, ತನಗೆ ಗೊತ್ತಿಲ್ಲದ್ದು ಸಿಕ್ಕರೆ ಸಿಟ್ಟು.

"ಬಸಾ ಕಾಕಾ, ಬಸಾ," ಎಂದು ಮರಾಠಿಯಲ್ಲೇ ಕೂರಹೇಳಿ ಸ್ಟೂಲು ಸರಿಸಿ, ಯಂತ್ರವನ್ನು ಹಾಗೆ ಹೀಗೆ ಆಡಿಸಿ ನೋಡಿದಳು. "ಏನೂ ಆಗಿಲ್ರಿ ಇದಕ್ಕ. ಕೆಡೂ ಹೊತ್ತಿನ್ಯಾಗ ನೀವೇನ ಮಾಡಾಕತ್ತಿರ್ತೀರಿ?"

"ಮಾತಾಡಾಕತ್ತಿರ್ತೀನಿ."

"ಎಷ್ಟೊತ್ತು?"

ವಿರುಪಾಕ್ಷಪ್ಪನವರು ಕೋಟಿನ ಗುಂಡಿಯನ್ನು ಪರೀಕ್ಷಿಸತೊಡಗಿದರು.

"ಹಂಗಾದ್ರ ಇಲ್ಲೂ ಮಾತಾಡ್ರಿ ಕಾಕಾ. ರೋಗಾ ಕಣ್ಣಿಗೆ ಬೀಳದೆ ಔಷಧಾ ಹೆಂಗ ಕೊಡ್ಲಿ?"

ಅವರನ್ನು ಮಾತಾಡಿರೆಂದು ಬೇಡಿಕೊಂಡವರು ಈಚಿನ ವರ್ಷಗಳಲ್ಲಿ ಯಾರೂ ಇರಲಿಲ್ಲ. ಎದ್ದು ನಿಂತರು, ಅಂಗಡಿಯ ತಾರಸಿ ಸಾಕಷ್ಟು ಎತ್ತರವಿದ್ದರೂ ತಲೆ ತಗ್ಗಿಸಿಕೊಂಡರು, ಮಾವನ ಎತ್ತನ್ನು ಬಿಚ್ಚಿದರು. ಕಾಗದ ಛಾಪಿಸಿಕೊಳ್ಳಲು ಬಂದಿದ್ದ ತಂಬಾಕು ವ್ಯಾಪಾರಿ ಅಣ್ಣಾಸಾಬ ಬಾಗಿಲಿಗೊರಗಿ ಕೇಳತೊಡಗಿ, ನೆರೆ ಏರುವ ಹೊತ್ತಿಗೆ ಒಳಗೆ ಬಂದು, ಮಾವ ಹರಿಗೋಲು ಹತ್ತುವ ಹೊತ್ತಿಗೆ ಸ್ಟೂಲಿನ ಮೇಲೆ ಕೂತಿದ್ದ. ಮಾವ ಕತ್ತಲಲ್ಲಿ ಎತ್ತಿನ ಹೆಸರು ಹಿಡಿದು ಕೂಗುತ್ತಿದ್ದಾಗ ಲ್ಯಾಪ್‌ಟಾಪಿನ ತೆರೆ ಕಪ್ಪಾಯಿತು. ರೂಪಾಲಿ ಗುಂಡಿ ಒತ್ತಿದಳು. ಬೆಳಕು ಬಂತು, ಬಾಣ ಅಲುಗಲಿಲ್ಲ.

"ಸಿಕ್ತು! ಸಿಕ್ತು!" ಎಂದು ಆಕೆ ಚಪ್ಪಾಳೆ ತಟ್ಟಿದಳು.

"ಎತ್ತು ಸಿಕ್ತೇನ್ರಿ?" ಎಂದ ಅಣ್ಣಾಸಾಬ, ಉಸಿರು ಬಿಗಿಹಿಡಿದು.

ವಿಷಯ ಇಷ್ಟೇ ಆಗಿತ್ತು. ಮಲಗುವಾಗ ಬ್ಯಾಟರಿ ಉಳಿಸಲೆಂದು ಯಂತ್ರ ತನ್ನ ಅಂಗಾಂಗಗಳಿಗೆ ವಿದ್ಯುತ್ತನ್ನು ನಿಲ್ಲಿಸುತ್ತಿತ್ತು; ಎದ್ದಮೇಲೆ ಮರಳಿ ಕೊಡುವುದನ್ನು ಮರೆಯುತ್ತಿತ್ತು. ಸೆಟ್ಟಿಂಗ್‌ನಲ್ಲಿ ಹಾಗೆ ನಿಲ್ಲಿಸಲು ಕೊಟ್ಟಿದ್ದ ಅನುಮತಿಯ ಟಿಕ್ ಗುರುತನ್ನು ರೂಪಾಲಿ ತೆಗೆದುಹಾಕಿದಳು. ಮೌಸು ಬದುಕಿತು, ಟಚ್‌ಪ್ಯಾಡ್ ಬದುಕಲಿಲ್ಲ. ಆಕೆಗೆ ಸಿಟ್ಟು ಬಂತು.

"ಡ್ರೈವರ್ ಹಳೇದೈತ್ರಿ ಕಾಕಾ, ಬದಲಿ ಮಾಡಬೇಕು."

"ಇಷ್ಟು ದಿನಾ ನಡಸಿದಾಂವ ನಾನ. ಹಳಬಾ ಅನ್ನೂದು ಖರೆ," ಎಂದರು ವಿರುಪಾಕ್ಷಪ್ಪನವರು, ದೀಪದ ಸಾಲು ಕಣ್ಮುಂದೆ ಬಂದು.

ಡ್ರೈವರ್ ಎಂದರೆ ಆ ಬಿಡಿಭಾಗವನ್ನು ಯಂತ್ರದ ಜೊತೆ ಮಾತಿಗೆ ಹಚ್ಚುವ ತಂತ್ರಾಂಶವೆಂದು ಆಕೆ ನಗುತ್ತ ತಿಳಿಹೇಳಿ, ತಯಾರಕರದೇ ಹೊಸದೊಂದನ್ನು ಇಳಿಸಿಕೊಂಡು ಹಾಕಿದಳು. ಮತ್ತೆ ಮತ್ತೆ ಮಲಗಿಸಿ ಎಬ್ಬಿಸಿದಳು. ಪ್ರತಿ ಸಲವೂ ಬಾಣ ಬೆರಳಿನ ಹಿಂದೆ ಓಡಿತು. ಬೇಕಿದ್ದರೆ ಅದು ಮಲಗದೇ ಇರುವಂತೆಯೇ ಮಾಡಿಕೊಡುತ್ತೇನೆಂದಾಗ ಅವರು ಕೈ ಅಡ್ಡ ಮಾಡಿದರು. "ಬ್ಯಾಡ ತಂಗಿ. ನನ್ನ ಮಾತ ಕೇಳಿ ಮನಷ್ಯಾರ ಮಲಗ್ತಾರ, ಅವರಿಗೆ ಏನೂ ಅನ್ನಂಗಿಲ್ಲ ನಾ. ಇದಕ್ಯಾಕ ಶಿಕ್ಷಾ?"

ಸಭೆ ಅಥಣಿಯಲ್ಲಿ. ಯಂತ್ರ ಮತ್ತೆ ಕೈಕೊಟ್ಟೀತೆಂದು ವಿಶಾಲ ತನ್ನ ಭಾಷಣದ ಪೆನ್‌ಡ್ರೈವನ್ನು ಮುಷ್ಟಿಯಲ್ಲಿ ಹಿಡಿದು ವೇದಿಕೆಯ ಮೆಟ್ಟಿಲಲ್ಲೇ ನಿಂತಿದ್ದ. ಹೆಂಗಸರ ಸಾಲಿನಲ್ಲಿ ಸೋನಾಬಾಯಿ ಸೆರಗನ್ನು ಮೂಗಿನವರೆಗೆ ಎಳೆದುಕೊಂಡು ಕೂತಿದ್ದರು. ವಿರುಪಾಕ್ಷಪ್ಪನವರು ಬೆರಳಿಟ್ಟರು; ಬಾಣ ಓಡಿತು; ಸೋನಾಬಾಯಿ ಹೋಗಿ ಎಲೆ ಬಂತು. ಆ ವಿಧೇಯತೆಯ ರುಚಿಗೆ ಅವರು ಮರುಳಾದರು. ಎಲೆಯ ಹಿಂದೆ ಎಲೆ, ಕಾಯಿ, ಗೊಂಚಲು, ಔಷಧದ ಡಬ್ಬಿ. ಎತ್ತು ಕೊಟ್ಟಿಗೆಯಲ್ಲೇ ಉಳಿಯಿತು, ಮಾವ ಮನೆ ಬಿಟ್ಟು ಕದಲಲಿಲ್ಲ. ಚಹ ಕುದಿಯುವ ಮೊದಲೇ ಕೊನೆಯ ಚಿತ್ರ ಬಂದು "ಧನ್ಯವಾದಗಳು" ಎಂದಿತು.

ಹಿಂದಿನ ಸಾಲಿನಿಂದ ಭೀಮಗೊಂಡನೆಂಬ ಹಿರಿಯ ಬೆಳೆಗಾರ ಎದ್ದು ನಿಂತ; ಅವನ ದನಿಯಲ್ಲಿ ಮೋಸಹೋದವನ ನೋವಿತ್ತು.

"ಇದೇನ್ರಿ ಯಜಮಾನ್ರ? ಇನ್ನೂ ನಿದ್ದಿನ ಹತ್ತಿಲ್ಲ, ಆಗಳೇ ಮುಗಿಸಿದ್ರಿ? ಅದನ್ನ ಮುಚ್ಚರಿ ಅತ್ತಾಗ. ನೀವು ಮೊದಲ ಸಲಾ ದ್ರಾಕ್ಷಿ ಕಡ್ಡಿ ತೆಳಗ ಮ್ಯಾಲ ಮಾಡಿ ಹಚ್ಚಿದ್ದು ಹೇಳ್ರಿ."

ಅಲ್ಲಲ್ಲಿ ನಗೆ, ಆಮೇಲೆ ಹೌದು ಹೌದೆಂಬ ಗದ್ದಲ. ವಿರುಪಾಕ್ಷಪ್ಪನವರು ವಿಶಾಲನ ಮುಖ ನೋಡಿದರು. ಅವನು ಪೆನ್‌ಡ್ರೈವನ್ನು ಜೇಬಿಗಿಳಿಸಿ ಮೆಟ್ಟಿಲ ಮೇಲೇ ಕೂತು, "ಹೇಳ್ರಿ ಕಾಕಾರ, ನಾನೂ ಪೂರಾ ಕೇಳಿಲ್ಲ," ಎಂದ. ಅವರು ಲ್ಯಾಪ್‌ಟಾಪನ್ನು ಮೆತ್ತಗೆ ಮುಚ್ಚಿದರು. ತಲೆಕೆಳಗಾಗಿ ನೆಟ್ಟ ಕಡ್ಡಿ ಚಿಗುರಲೆಂದು ಊರೆಲ್ಲ ಕಾದದ್ದು, ಹೋಗಿಬರುವವರೆಲ್ಲ ಅದಕ್ಕೊಂದು ತಂಬಿಗೆ ನೀರು ಹಾಕಿದ್ದು, ಅವಮಾನಕ್ಕೆ ತಾವು ಆ ದಾರಿಯಲ್ಲೇ ನಡೆಯದಿದ್ದದ್ದು, ಅಂದಿನಿಂದ ಯಾವುದನ್ನೂ ಒಂದೇ ಮಗ್ಗುಲಲ್ಲಿ ನೋಡಿ ನಂಬದೆ ಎಲೆಯನ್ನೂ ಮಗುಚಿ ನೋಡುವ ಅಭ್ಯಾಸ ಬಿದ್ದದ್ದು, ಹಾಗೆ ಮಗುಚಿದಾಗಲೇ ಎಲೆಯ ಬೆನ್ನಿನಲ್ಲಿ ಬಿಳಿಯ ಬೂಜು ಕಂಡದ್ದು, ಎಲ್ಲವನ್ನೂ ಹೇಳಿದರು. ಮರುದಿನ ಅಥಣಿ, ಕಾಗವಾಡದ ತೋಟಗಳಲ್ಲಿ ಜನ ಚಪ್ಪರದ ಕೆಳಗೆ ಎಲೆ ಮಗುಚುತ್ತ ನಿಂತಿದ್ದರಂತೆ. ಗೋಡೆಯ ಮೇಲಿನ ಚಿತ್ರಗಳಲ್ಲಿ ಒಂದನ್ನಾದರೂ ನೆನಪಿಟ್ಟವರು ಸಿಗಲಿಲ್ಲ.

ಇಂಥ ಮಾತುಗಾರರು ಊರಿಗೊಬ್ಬರು ಇರುತ್ತಾರೆ. ದಾರಿಯಲ್ಲಿ ಸಿಕ್ಕರೆ ಬಸ್ಸು ತಪ್ಪುತ್ತದೆ, ಮನೆಗೆ ಬಂದರೆ ಅನ್ನ ಆರುತ್ತದೆ. ದೂರದಿಂದ ಕಂಡೊಡನೆ ನಾವು ಸಂದಿ ಹಿಡಿಯುತ್ತೇವೆ. ತಿಳಿದದ್ದನ್ನು ಬಿಡಿಸಿ ಚೊಕ್ಕ ಮಾಡಿ ಕೈಗಿಡಲು ಅವರಿಗೆ ಬರುವುದಿಲ್ಲ. ಅದನ್ನು ತಿಳಿದುಕೊಂಡ ದಿನದ ಬಿಸಿಲು, ಹಸಿವು, ಜೊತೆಗಿದ್ದ ಮಂದಿ, ಎಲ್ಲವನ್ನೂ ಒಟ್ಟಿಗೇ ಎತ್ತಿಕೊಡುತ್ತಾರೆ. ಹೊರೆ ಹೆಚ್ಚೆಂದು ಗೊಣಗುತ್ತ ಹೊತ್ತು ತಂದದ್ದು, ಹೊಲದ ಬದುವಿನಲ್ಲಿ ಒಬ್ಬರೇ ನಿಂತ ಹೊತ್ತಿಗೆ, ಆ ದನಿಯ ಸಮೇತ ನಮ್ಮ ಬಳಿಯೇ ಇರುತ್ತದೆ.