ಜಗಲಿಯ ಮೇಲಿಟ್ಟ ಸೀಸೆ

ಆ ಸಲ ಹುಬ್ಬತಲೈ ಹಟ್ಟಿಯಲ್ಲಿ ಇಬ್ಬನಿ ಹೆಪ್ಪುಗಟ್ಟಿ ಹುಲ್ಲಿನ ಮೇಲೆಲ್ಲ ಉಪ್ಪು ಚೆಲ್ಲಿದಂತಿತ್ತು. ನಂಜಿಯ ಗಂಡ ಭೀಮನಿಗೆ ಎದೆ ಕಟ್ಟಿ, ಕೂತರೂ ಮಲಗಿದರೂ ಉಸಿರಿಗೆ ಪರದಾಟ. ಭೀಮನ ಅಪ್ಪ ದೇವ ಕುನ್ನೂರಿಗೆ ನಡೆದುಹೋಗಿ ಮದ್ದು ತಂದ. ದಪ್ಪ ಗಾಜಿನ ಸೀಸೆ, ಗಾಜಿನದೇ ಬಿರಡೆ. ಸಂಜೆ ಒಂದು ಚಮಚ ಕುಡಿದ ಭೀಮ ಎಷ್ಟೋ ದಿನಗಳ ಮೇಲೆ ಕಣ್ಣು ಮುಚ್ಚಿ ನಿದ್ದೆಹೋದ.

ಆದರೆ ಮದ್ದಿಗೆ ಸಾರಾಯಿಯ ವಾಸನೆ. ಒಳಗೆ ಮಡಿಯಿಂದ ಹಾಲು ಇಡುವ ಹಾಲುಮನೆ, ಹೆಂಗಸರು ಸಹ ಅಲ್ಲಿಗೆ ಕಾಲಿಡುವಂತಿಲ್ಲ.

"ಈ ನಾತ ಒಳಗೆ ಬೇಡ," ಎಂದು ದೇವ ಸೀಸೆಯನ್ನು ಜಗಲಿಯ ಮೇಲಿಟ್ಟ.

ಬೆಳಗಾಗುವಾಗ ಭೀಮನ ಉಸಿರು ಮತ್ತೆ ಸಿಕ್ಕಿಕೊಂಡಿತು. ನಂಜಿ ಜಗಲಿಗೆ ಓಡಿದಳು. ರಾತ್ರಿಯ ಚಳಿಗೆ ಸೀಸೆ ಕೊರೆಯುತ್ತಿತ್ತು, ಬಿರಡೆ ಕದಲಲಿಲ್ಲ. ಸೆರಗು ಸುತ್ತಿ ತಿರುಗಿಸಿದಳು, ಹಲ್ಲಿನಿಂದ ಕಚ್ಚಿದಳು. ಹಿತ್ತಾಳೆ ಡಬ್ಬಿಯ ಮುಚ್ಚಳ ಹೀಗೆ ಹಿಡಿದುಕೊಂಡಾಗ ಬಿಸಿನೀರು ಹುಯ್ದರೆ ಸಡಿಲವಾಗುತ್ತಿತ್ತಲ್ಲ! ಒಲೆಯ ಮೇಲೆ ಕುದಿಯುತ್ತಿದ್ದ ನೀರನ್ನು ತಂದು ಹುಯ್ದಳು.

ಗಾಜು ಟಪ್ಪೆಂದು ಸೀಳಿಹೋಯಿತು. ಮದ್ದೆಲ್ಲ ಮಣ್ಣಿಗೆ ಇಳಿಯಿತು.

ಬಾಗಿಲಲ್ಲಿ ದೇವ ನಿಂತಿದ್ದ. "ಮಾಮ, ನಾನೇ ಹಾಳು ಮಾಡಿದೆ," ಎಂದಳು ನಂಜಿ.

"ಕೈ ಸುಟ್ಟಿತಾ, ತೋರಿಸು." ಅವಳ ಬೆರಳಿಗೆ ಬೆಣ್ಣೆ ಸವರಿ, ಕಂಬಳಿ ಹೊದ್ದು ಅವನು ಮತ್ತೆ ಕುನ್ನೂರಿನ ದಾರಿ ಹಿಡಿದ.

ಭೀಮ ಒಳಗಿಂದ ಎಲ್ಲವನ್ನೂ ಕೇಳಿಸಿಕೊಂಡಿದ್ದ. "ಅಳಬೇಡ... ನಿನ್ನ ಸಾರಿಗಿಂತ... ಕಹಿಯಿತ್ತು ಅದು," ಎಂದ.

"ಸಾರು ಚೆನ್ನಾಗಿಲ್ಲ ಅಂತ ಈಗ ಹೇಳ್ತೀಯಾ?"

ಅವನು ನಗಲು ನೋಡಿದ, ಕೆಮ್ಮು ಬಿಡಲಿಲ್ಲ.

ದೇವ ಏದುಸಿರು ಬಿಡುತ್ತ ಬಂದಾಗ ಬಿಸಿಲು ಏರಿತ್ತು. ಈ ಸಲ ಅವನು ಕಾಲು ತೊಳೆಯಲಿಲ್ಲ, ಜಗಲಿಯಲ್ಲಿ ನಿಲ್ಲಲಿಲ್ಲ. ಹಾಲುಮನೆಯ ಬಾಗಿಲ ಮುಂದೆಯೇ ಹಾದು ನೇರ ಒಳಗೆ ಬಂದು, ಕಂಬಳಿಯೊಳಗೆ ಎದೆಗೆ ಒತ್ತಿಕೊಂಡಿದ್ದ ಸೀಸೆಯನ್ನು ಸೊಸೆಯ ಕೈಗಿತ್ತ. ಭೀಮನ ತಲೆ ಅವಳ ತೊಡೆಯ ಮೇಲಿತ್ತು. ಸೀಸೆ ದೇವನ ಮೈಯಷ್ಟೇ ಬೆಚ್ಚಗಿತ್ತು. ಬಿರಡೆ ಎರಡು ಬೆರಳಿಗೆ ತಿರುಗಿತು.

ಚಮಚ ತರಲು ಅವಳು ಏಳಲಿಲ್ಲ. ಆಗ ದೇವ ಉಸಿರಿಲ್ಲದ ಮಗನ ಮುಖ ನೋಡಿದ.

ಹಟ್ಟಿಯವರೆಲ್ಲ ಸೇರಿದರು. ಮೊದಲ ಮದ್ದು ಏನಾಯಿತೆಂದು ಯಾರೋ ಕೇಳಿದರು. ನಂಜಿ ಬಾಯಿ ತೆರೆಯುವಷ್ಟರಲ್ಲಿ ದೇವ ಅವಳ ಸುಟ್ಟ ಕೈಯನ್ನು ತನ್ನ ಕಂಬಳಿಯ ಅಂಚಿನಿಂದ ಮುಚ್ಚಿದ.

"ನಾನು ಚಳಿಯಲ್ಲಿಟ್ಟೆ," ಎಂದ. "ಒಡೆದುಹೋಯಿತು."